ಮೂರನೆಯ ಹಸಿರು

ಚಕ್ರಗಳಿಗೆ ದೀಪ ಮೂರು. ಮೂತಿಯ ಚಕ್ರಕ್ಕೊಂದು, ಎಡದ್ದಕ್ಕೊಂದು, ಬಲದ್ದಕ್ಕೊಂದು. ವಿಮಾನ ಇಳಿಯುವ ಮುಂಚೆ ಚಕ್ರಗಳು ಹೊರಬಂದು ಭದ್ರವಾಗಿ ಕೂತವೆಂದರೆ ಮೂರೂ ಹಸಿರಾಗಬೇಕು. ಆ ಜನವರಿಯ ಸಂಜೆ, ಬಳ್ಳಾರಿ ಸೀಮೆಯ ಸಣ್ಣ ನಿಲ್ದಾಣ ಐದಾರು ಮೈಲಿ ದೂರವಿದ್ದಾಗ, ಎರಡು ಹಸಿರಾದವು. ಬಲಗಡೆಯದು ಕಪ್ಪಗೇ ಉಳಿಯಿತು.

“ಸರ್, ಬಲಗಡೀದು ಹತ್ತಿಲ್ರಿ,” ಎಂದಳು ಸಂಘಮಿತ್ರಾ.

“ನೋಡ್ದೆ. ಇಳಿಯಾದು ಬ್ಯಾಡ, ಮೇಲಕ್ಕೆ ಹೋಗಾಣ,” ಎಂದರು ಕ್ಯಾಪ್ಟನ್ ಭೀಮರಾಜ.

ಸಂಘಮಿತ್ರಾ ಕೂಡ್ಲಿಗಿ ಅಂಚೆ ಕಚೇರಿಯ ಓಬಣ್ಣನ ಮಗಳು. ವಿಮಾನದ ಬಲಗಡೆಯ ಕುರ್ಚಿಗೆ, ಅಂದರೆ ಕಿರಿಯ ಪೈಲಟ್ಟಿನ ಜಾಗಕ್ಕೆ ಬಂದು ಎರಡು ವರ್ಷವಾಗಿತ್ತು. ಭೀಮರಾಜರು ಹರಪನಹಳ್ಳಿಯವರು, ಹಾರಲು ಶುರುಮಾಡಿ ಮೂವತ್ತು ವರ್ಷ, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಮೊದಲ ದಿನವೇ ‘ನಮ್ ಕಡೆ ಹುಡುಗಿ’ ಎಂದು ತಮ್ಮ ಡಬ್ಬಿ ಬಿಚ್ಚಿ ಖಡಕ್ ರೊಟ್ಟಿ ಕೊಟ್ಟವರು. ಅವತ್ತಿನಿಂದ ಅವರು ಅವಳಿಗೆ ಅರ್ಧ ಸಾಹೇಬರು, ಅರ್ಧ ದೊಡ್ಡಪ್ಪ. ತೊಡಕು ಇದ್ದದ್ದೇ ಅಲ್ಲಿ.

ಚಕ್ರದ ಮೇಲೆ ಅನುಮಾನ ಬಂದರೆ ಏನು ಮಾಡಬೇಕೆಂಬುದು ಪುಸ್ತಕದಲ್ಲಿದೆ. ಅವಸರ ಪಡಬೇಡಿ, ಎತ್ತರಕ್ಕೆ ಹೋಗಿ ಸುತ್ತು ಹೊಡೆಯಿರಿ. ಒಬ್ಬರು ವಿಮಾನ ಹಾರಿಸಲಿ, ಬೇರೆ ಏನನ್ನೂ ಮುಟ್ಟುವುದು ಬೇಡ. ಇನ್ನೊಬ್ಬರು ಪುಟ ಓದಿ ಒಂದೊಂದೇ ಕೆಲಸ ಮುಗಿಸಲಿ. ಹಿರಿಯರು ತಪ್ಪುತ್ತಿದ್ದಾರೆ ಅನಿಸಿದರೆ ಕಿರಿಯರು ಬಾಯಿ ಬಿಡಲಿ. ಬರೆದವರು ಬುದ್ಧಿವಂತರೇ ಸರಿ, ಆದರೆ ಅವರಲ್ಲಿ ಯಾರೂ ಕೂಡ್ಲಿಗಿಯಲ್ಲಿ ಬೆಳೆದವರಲ್ಲ. ದೊಡ್ಡವರೆದುರು ಕಾಲ ಮೇಲೆ ಕಾಲು ಹಾಕಿ ಕೂರಲೂ ಅಂಜುವ ನಮ್ಮ ಹುಡುಗಿಯರಿಗೆ ‘ಸರ್, ನಿಮ್ಮದು ತಪ್ಪು’ ಎನ್ನುವ ಧೈರ್ಯವನ್ನು ಪುಸ್ತಕದ ಒಂದು ಸಾಲು ತಂದುಕೊಡುತ್ತದೆಯೇ?

ಆರು ಸಾವಿರ ಅಡಿಗೆ ಏರಿದರು. ಹೊರಬಂದ ಚಕ್ರಗಳನ್ನು ಒಳಗೆ ಎಳೆದುಕೊಳ್ಳಲಿಲ್ಲ. ಒಳಹೋದದ್ದು ಮತ್ತೆ ಹೊರಬರುತ್ತದೆಂದು ಯಾವ ಖಾತ್ರಿ? ಹಗರಿಬೊಮ್ಮನಹಳ್ಳಿಯಿಂದ ಪಶ್ಚಿಮಕ್ಕೆ, ತಂಬ್ರಹಳ್ಳಿ ದಾಟಿ, ಹೊಳೆಯ ಪಕ್ಕದ ಮಾಗಳದವರೆಗೆ ಹೋಗುವುದು, ಹೊರಳಿ ಪೂರ್ವಕ್ಕೆ ಬರುವುದು. ಹಿಂದೆ ಅರವತ್ತನಾಲ್ಕು ಮಂದಿ ಕೂತಿದ್ದರು. ಇಂಧನ ಒಂದು ಗಂಟೆ ಹತ್ತು ನಿಮಿಷಕ್ಕೆ ಸಾಲುತ್ತಿತ್ತು. ಹಾರಿಸುವುದು ಭೀಮರಾಜರ ಪಾಲಿಗೆ, ಓದುವುದು ಅವಳ ಪಾಲಿಗೆ ಎಂದಾಯಿತು. ಭೀಮರಾಜರು ವಿಮಾನವನ್ನು ತಾನಾಗಿ ಹಾರುವ ಯಂತ್ರಕ್ಕೆ ಒಪ್ಪಿಸಿ ಕೈಕಟ್ಟಿ ಕೂತರು.

ಮೊದಲು ದೀಪಗಳನ್ನೇ ಪರೀಕ್ಷಿಸುವ ಗುಂಡಿ ಒತ್ತಿದಳು. ಎರಡು ಹತ್ತಿದವು, ಬಲಗಡೆಯದು ಹತ್ತಲಿಲ್ಲ. ಅಂದರೆ ಬಲ್ಬು ಸುಟ್ಟಿದೆ. ಚಕ್ರ ಭದ್ರವಾಗಿ ಕೂತಿರಬಹುದು, ಕೂರದೆಯೂ ಇರಬಹುದು. ಆ ದೀಪವಂತೂ ಇನ್ನು ಏನನ್ನೂ ಹೇಳಲಾರದು. ಅದನ್ನು ಮರೆತು ಮುಂದಿನ ಪುಟಕ್ಕೆ ಹೋಗಬೇಕು.

ಪಶ್ಚಿಮಕ್ಕೆ ಹೋಗುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ. ದೀಪಗಳಿದ್ದ ಫಲಕವೆಲ್ಲ ನೆರಳಲ್ಲಿತ್ತು. ಅವಳು ಗಟ್ಟಿಯಾಗಿ ಓದುತ್ತ ಹೋದಳು. ಬಾಯಿ ಓದುತ್ತಿತ್ತು, ಮನಸ್ಸು ಹಿಂದೆ ಕೂತ ಜನರ ಹತ್ತಿರವಿತ್ತು. ಕಣ್ಣು ಮಾತ್ರ ಮತ್ತೆ ಮತ್ತೆ ಆ ಕಪ್ಪು ಚುಕ್ಕೆಗೇ ಹೋಗುತ್ತಿತ್ತು. ಮಾಗಳದ ಮೇಲೆ ಹೊರಳಿ ಪೂರ್ವಕ್ಕೆ ಮುಖ ಮಾಡಿದರು. ಆಗ ಮೂರನೆಯ ದೀಪ ಹಸಿರಾಯಿತು.

“ಬಂತು ನೋಡವ್ವಾ,” ಎಂದರು ಭೀಮರಾಜ.

ಸುಟ್ಟ ಬಲ್ಬು ಹೇಗೆ ಹತ್ತೀತು ಎಂದು ಕೇಳಬೇಕೆಂದುಕೊಂಡಳು. ನಾಲಿಗೆ ಏಳಲಿಲ್ಲ. ಉಳಿದೆರಡು ದೀಪ ಚುಚ್ಚುವ ಹಾಗೆ ಉರಿಯುತ್ತಿದ್ದರೆ ಇದು ಮೆತ್ತಗಿತ್ತು, ಕೊಳದ ತಳದಿಂದ ಬಂದ ಬೆಳಕಿನಂತಿತ್ತು. ಆದರೂ ಹಸಿರೇ. ಭೀಮರಾಜರು ಗಗನಸಖಿ ಸುಜಾತಾಳನ್ನು ಒಳಗೆ ಕರೆದರು. ಎರಡು ಕುರ್ಚಿಗಳ ನಡುವೆ ಅವಳು ಬಗ್ಗಿ ನಿಂತಳು.

“ನೀ ಹೇಳವ್ವಾ. ಹಸಿರೈತೋ ಇಲ್ಲೋ?”

“ಐತ್ರಿ ಸರ್,” ಎಂದಳು ಸುಜಾತಾ. ಅವಳ ಕಣ್ಣಲ್ಲಿ ನೀರು ಬಂತು. “ಹಸರ ಐತಿ.”

ಮೂರು ತಲೆಗಳು ಆ ಒಂದು ಚುಕ್ಕೆಯ ಮುಂದೆ ಬಾಗಿದವು. ಇನ್ನಷ್ಟು ಹತ್ತಿರದಿಂದ ನೋಡಲು ಭೀಮರಾಜರು ಮುಂದಕ್ಕೆ ಸರಿದಾಗ ಅವರ ಮೊಣಕಾಲು ವಿಮಾನ ನಡೆಸುವ ಹಿಡಿಕೆಗೆ ತಗುಲಿತು, ತಾನಾಗಿ ಹಾರುವ ಯಂತ್ರ ವಿಮಾನವನ್ನು ಕೈಬಿಟ್ಟಿತು. ಬಿಟ್ಟೆ ಎಂದು ಎಚ್ಚರಿಸುವ ಗಂಟೆಯೂ ಬಾರಿಸಿತು. ಅದು ಬಾರಿಸಿತೆಂದು ಆಮೇಲೆ ವಿಮಾನದ ಧ್ವನಿಮುದ್ರಣ ಕೇಳಿದಾಗ ಗೊತ್ತಾಯಿತು. ಅಲ್ಲಿದ್ದ ಮೂವರಲ್ಲಿ ಒಬ್ಬರಿಗೂ ಅದು ಕೇಳಿಸಿರಲಿಲ್ಲ.

ಎಷ್ಟು ಹೊತ್ತು ಹಾಗೆ ನೋಡಿದರೋ. ಒಳಗೆಲ್ಲ ಒಂದು ಸುಖ ಹರಡಿತ್ತು, ಜ್ವರ ಬಿಟ್ಟ ಮೇಲಿನ ನಿದ್ದೆಯ ಹಾಗೆ. ಕತ್ತು ನೋಯತೊಡಗಿದ್ದಕ್ಕೆ ಸಂಘಮಿತ್ರಾ ಸುಮ್ಮನೆ ಪಕ್ಕದ ಕಿಟಕಿಯತ್ತ ಹೊರಳಿದಳು.

ಕೆಳಗೆ ಕುರಿ ಹಿಂಡೊಂದಿತ್ತು. ಆರು ಸಾವಿರ ಅಡಿಯಿಂದ ಹಿಂಡು ಅಂದರೆ ಚೆಲ್ಲಿದ ಜೋಳದ ಹಿಟ್ಟು, ಅಷ್ಟೇ. ಈಗ ಒಂದೊಂದು ಕುರಿಯೂ ಬೇರೆಯಾಗಿ ಕಾಣುತ್ತಿತ್ತು. ಕಾಯುವವನ ಹೆಗಲ ಮೇಲಿನ ಕಂಬಳಿ ಕಾಣುತ್ತಿತ್ತು. ಅವನು ಅಲ್ಲಾಡದೆ ಮುಖವೆತ್ತಿ ನಿಂತಿದ್ದ. ಬದುವಿನಾಚೆ ಹೊಲದಲ್ಲಿ ನಾಲ್ಕೈದು ಹೆಂಗಸರೂ ಬಗ್ಗಿದ್ದವರು ನೆಟ್ಟಗಾಗಿ ಅವಳನ್ನೇ ನೋಡುತ್ತಿದ್ದರು. ಎಷ್ಟು ಹತ್ತಿರ ಇದ್ದಾರೆ ಇವರು ಎಂದು ಅವಳಿಗೆ ಮೊದಲು ಬರೀ ಸೋಜಿಗವಾಯಿತು. ಹೆದರಿಕೆ ಬಂದದ್ದು ಅದರ ಹಿಂದೆ.

“ಸರ್, ನೆಲ! ನೆಲ ಬಂತ್ರಿ!”

“ಹಸಿರೈತೆ ಬಿಡವ್ವಾ,” ಎಂದರು ಭೀಮರಾಜ, ತಲೆ ಎತ್ತದೆ.

ಅವಳು ಅಂಗೈಯನ್ನು ದೀಪಕ್ಕೆ ಅಡ್ಡ ಹಿಡಿದಳು. ನೆರಳಲ್ಲಿ ಅದು ಕಪ್ಪಾಯಿತು.

“ಕೈ ತೆಗಿ.” ಎರಡು ವರ್ಷದಲ್ಲಿ ಅವಳು ಒಮ್ಮೆಯೂ ಕೇಳದ ದನಿ ಅದು. ಬೇಡುತ್ತಿದ್ದ ದನಿ.

“ವಿಮಾನ ನನ್ನ ಕೈಗೆ ಬಿಡ್ರಿ ಸರ್! ಬಿಡ್ರಿ ಅಂದ್ರ!” ಹಿಡಿಕೆಯನ್ನು ಎದೆಗೆ ಎಳೆದುಕೊಂಡು ಎಂಜಿನ್‌ಗಳಿಗೆ ಇದ್ದಷ್ಟೂ ಶಕ್ತಿ ಕೊಟ್ಟಳು. ಸುಜಾತಾ ಹಿಂದಕ್ಕೆ ಬಿದ್ದು ಬಾಗಿಲಿಗೆ ಅಪ್ಪಳಿಸಿದಳು. ನೆಲದಿಂದ ಏಳುನೂರು ಅಡಿ ಎಂದು ತೋರಿಸುತ್ತಿದ್ದ ಮುಳ್ಳು ನಡುಗಿ, ನಿಂತು, ಮೇಲಕ್ಕೆ ಹೊರಳಿತು.

ಆಮೇಲಿನದೆಲ್ಲ ಪುಸ್ತಕದ ಪ್ರಕಾರವೇ ನಡೆಯಿತು. ದೀಪಗಳ ಮೇಲೆ ಒಂದು ಕಾಗದ ಅಂಟಿಸಿದಳು. ಅವಳು ಹಾರಿಸಿದಳು, ಭೀಮರಾಜರು ಮಗುವಿನ ಹಾಗೆ ಹೇಳಿದ್ದನ್ನು ಓದಿದರು. ಚಕ್ರಗಳು ತಮ್ಮ ಭಾರದಿಂದಲೇ ಬಿದ್ದು ಕೂರಲೆಂದು ಕೈಯಿಂದ ಎಳೆಯುವ ಹಿಡಿ ಎಳೆದರು, ನಿಲ್ದಾಣದ ಗೋಪುರದ ಮುಂದೆ ತಗ್ಗಾಗಿ ಹಾದುಹೋದರು. ಮೂರೂ ನೆಟ್ಟಗಿವೆ, ಬಿಗಿಯಾಗಿವೆಯೋ ಇಲ್ಲವೋ ಹೇಳಲಾರೆವು ಎಂದರು ಅಲ್ಲಿ ದುರ್ಬೀನು ಹಿಡಿದವರು. ತಲೆ ತಗ್ಗಿಸಿ ಕೂರುವಂತೆ ಪ್ರಯಾಣಿಕರಿಗೆ ಹೇಳಿಸಿ, ವಿಮಾನದ ಎಡಗಾಲನ್ನು ಮೊದಲು ಊರಿ, ಬಲಗಾಲನ್ನು ಮೆಲ್ಲಗೆ ಇಳಿಸಿದಳು. ಬಲಗಾಲು ಭಾರ ತಡೆಯಿತು.

“ಗಾಲಿಗೇನೂ ಆಗಿಲ್ರಿ ಮೇಡಂ, ಬಲ್ಬ್ ಒಂದ ಹೋಗಿತ್ತು,” ಎಂದ ನಿಲ್ದಾಣದ ಎಂಜಿನಿಯರ್ ಹಂಪೇಶ್. “ಮ್ಯಾಲಿಂದು ಹಸರು ಗಾಜಲ್ರೀ? ಪೂರ್ವಕ್ಕ ಹೊಂಟಾಗ ಸಂಜಿ ಬಿಸಲು ಹಿಂದಿನ ಕಿಟಕ್ಯಾಗಿಂದ ಬಿದ್ರ ಹತ್ತಿದಂಗ ಕಾಣತೈತಿ.” ಅಷ್ಟೇನಾ ಎಂದು ಅವಳಿಗೆ ನಗು ಬಂತು.

ತನಿಖೆಯವರು ಹೇಳಿಕೆ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಳು: ಹಸಿರು ಎಂದು ಮೊದಲು ಹೇಳಿದವರು ಕ್ಯಾಪ್ಟನ್, ನನಗೆ ಅನುಮಾನವಿತ್ತು, ಗೌರವಕ್ಕೆ ಸುಮ್ಮನಾದೆ. ಭೀಮರಾಜರನ್ನು ತನಿಖೆ ಮುಗಿಯುವವರೆಗೆ ಹಾರದಂತೆ ಕೂರಿಸಿದರು. ಪಾಪ ಅನಿಸಿತು. ಆದರೆ ಸುಳ್ಳು ಬರೆಯಲಾಗುತ್ತದೆಯೇ?

ಎರಡು ತಿಂಗಳ ಮೇಲೆ ತನಿಖಾಧಿಕಾರಿ ಇಬ್ಬರನ್ನೂ ಎದುರು ಕೂರಿಸಿಕೊಂಡು ಅವತ್ತಿನ ಧ್ವನಿಮುದ್ರಣ ಹಾಕಿದರು. ಸಂಘಮಿತ್ರಾಳಿಗೆ ತನ್ನ ಓದು ತನಗೇ ಕೇಳಿಸಿತು. ಒಂದು ಸಾಲಿನ ನಡುವೆ ಅದು ನಿಂತಿತು. ಆಮೇಲೆ ಅದೇ ದನಿ:

“ಸರ್, ಹಸರ ಆತು ನೋಡ್ರಿ.”

“ಎಲ್ಲೈತವ್ವಾ? ನಂಗೇನೂ ಕಾಣ್ತಿಲ್ಲ.” ಇದು ಭೀಮರಾಜರದು.

“ಹತ್ತೈತ್ರಿ ಸರ್. ಚಂದಗ ಹತ್ತೈತಿ.” ಅವಳ ದನಿಯೇ, ಮಲಗಿದವರು ಮಾತಾಡುವಷ್ಟು ನಿರಾಳವಾಗಿತ್ತು. ಮರುಕ್ಷಣವೇ ಓದು ಬಿಟ್ಟ ಸಾಲಿನಿಂದ ಮುಂದುವರಿಯಿತು. ‘ಬಂತು ನೋಡವ್ವಾ’ ಎಂಬ ಭೀಮರಾಜರ ಮಾತು ಬಂದದ್ದು ಎರಡು ನಿಮಿಷ ಕಳೆದು.

ಸಂಘಮಿತ್ರಾ ಇನ್ನೊಮ್ಮೆ ಹಾಕಿಸಿದಳು. ಮತ್ತೊಮ್ಮೆ ಹಾಕಿಸಿದಳು. ಆ ಮಾತು ಆಡಿದ ನೆನಪು ಅವಳ ತಲೆಯಲ್ಲಿ ಎಲ್ಲೂ ಇರಲಿಲ್ಲ.

“ನೀವು ಇದನ್ನು ಹೇಳಿದಾಗ ವಿಮಾನ ಪಶ್ಚಿಮಕ್ಕೆ ಹೋಗುತ್ತಿತ್ತು,” ಎಂದರು ಅಧಿಕಾರಿ. “ಫಲಕದ ಮೇಲೆ ಬಿಸಿಲು ಬೀಳುವ ಹಾಗೇ ಇರಲಿಲ್ಲ. ನೀವು ನೋಡಿದ್ದೇನು?”

ಅವಳು ಭೀಮರಾಜರತ್ತ ತಿರುಗಿದಳು. ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಆಪಾದನೆ ಹೊತ್ತ ಮನುಷ್ಯ ನೆಲ ನೋಡುತ್ತ ಕೂತಿದ್ದರು.

“ನೀವ್ಯಾಕ ಹೇಳ್ಲಿಲ್ರಿ ಸರ್?”

“ನಿನ್ನ ಕಣ್ಣು ಸಣ್ಣ ವಯಸ್ಸಿನವು, ನಂಗಿಂತ ಚೆನ್ನಾಗಿ ಕಾಣ್ತವೆ ಅಂತ ನಂಬ್ದೆ,” ಎಂದರು ಅವರು ಮೆಲ್ಲಗೆ. “ಆಮೇಲೆ ನಂಗೂ ಕಾಣ್ತು. ನಂಬಿದ್ದು ನಾನೇ ಅಲ್ವಾ ತಾಯಿ.”

“ದನಿ ನಂದ ರೀ,” ಎಂದಳು ಅವಳು ಅಧಿಕಾರಿಗೆ. “ಮೊದ್ಲು ಹೇಳಿದಾಕಿ ನಾನು. ನನ್ನ ಹೇಳಿಕಿ ತಿದ್ದಿಕೊಳ್ರಿ.”

“ಅದು ಸರಿ. ನೋಡಿದ್ದೇನು?”

“ಗೊತ್ತಿಲ್ರಿ.” ಅವಳು ತನ್ನ ಪರವಾನಗಿ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. “ಅದು ಗೊತ್ತಾಗೂ ತನಕ ನನ್ನ ಹಾರಾಕ ಬಿಡಬ್ಯಾಡ್ರಿ.”