ಬಖೀತನ ಮಡಕೆ

"ಎತ್ತೋ ನಿನ್ನ ಬೋಳಿಮಗನ ಮಡಕೆಗಳ್ನ! ಗವರ್ನರ್ ಸಾಹೇಬ್ರು ಬರೋ ದಾರೀಲಿ ಪಾಚಿ ಕಟ್ಕೊಂಡು ಕೂತವೆ, ಹೊಲಸು!"

ಕಾವಲುಗಾರ ಸಬ್ರಿ ಮೊದಲ ಮಡಕೆಯನ್ನು ಕೋಲಿನಿಂದ ಕುಟ್ಟಿದ. ಮುದುಕ ಅವದಲ್ಲಾ ನೀರು ತುಂಬುವುದನ್ನು ನಿಲ್ಲಿಸಲಿಲ್ಲ.

"ಕುಟ್ಬ್ಯಾಡ ಕಣ್ ಮಗ. ಅದು ಖಲಫ್. ಅವ್ನಿಗೆ ಮೊದ್ಲಿಂದ್ಲೂ ತಲೆನೋವು."

"ಮಡಕೆಗೆ ತಲೆನೋವಂತೆ! ಮರಳಲ್ಲಿ ನಿನ್ ಮಿದುಳು ಬೆಂದೋಗೈತೆ, ತಾತ."

ಕಾಲುವೆ ದಂಡೆಯ ಅತ್ತಿಮರದ ಕೆಳಗೆ ಮೂರು ಮಡಕೆ: ಖಲಫ್, ಶೆನೂದಾ, ಬಖೀತ್. ಮೂವರೂ ಜಮೀನ್ದಾರ ರಿಫತ್ ಬೇಯ ಹೊಲದ ಆಳುಗಳು. ಸಿನಾಯ್ ಮರಳುಗಾಡಿನ ಯುದ್ಧಕ್ಕೆ ಅವದಲ್ಲಾನ ಜೊತೆ ಒಂದೇ ಕಾಲಾಳು ತುಕಡಿಗೆ ಹೋದವರು. ಸಮವಸ್ತ್ರ ಸಾಲದೆ ಬಖೀತ್ ಹೊಲದ ಜುಬ್ಬಾದ ಮೇಲೆಯೇ ಗುಂಡಿನ ಪಟ್ಟಿ ಬಿಗಿದಿದ್ದ. ತುಕಡಿಯ ಅಧಿಕಾರಿ ರಿಫತ್ ಬೇಯೇ. ಸೋತು ಹಿಂದಿರುಗುವ ದಾರಿಯಲ್ಲಿ ಮೂವರೂ ನೀರಿಲ್ಲದೆ ಸತ್ತರು. ಸತ್ತವರ ಹೆಸರಿನಲ್ಲಿ ಅವದಲ್ಲಾ ಇಟ್ಟ ನೀರನ್ನು, ಆ ಹೆಸರು ಹೇಳಿ, ದೇವರು ಕರುಣಿಸಲಿ ಎಂದು ಬೇಡಿಯೇ ಊರವರು ಕುಡಿಯುತ್ತಿದ್ದರು.

ಸುಡುವ ಮಧ್ಯಾಹ್ನಗಳಲ್ಲಿ ಆ ಮೂವರೂ ನೀರಿಗೆ ಬರುತ್ತಿದ್ದರು. ಅವದಲ್ಲಾ ಕಂಡಿರಲಿಲ್ಲ, ಹೆಜ್ಜೆಯ ಸಪ್ಪಳ ಕೇಳಿದ್ದ. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು. ಅದು ಬಖೀತನ ನಡಿಗೆ; ಹಿಂದಿರುಗುವಾಗ ಅವನ ಒಂದು ಬೂಟು ಮರಳಲ್ಲೇ ಉಳಿದಿತ್ತು. ಒಮ್ಮೆ ಜ್ವರದಲ್ಲಿ ಮಲಗಿ ಮಡಕೆಗಳು ಬತ್ತಿದಾಗ, ಆ ಸಪ್ಪಳ ಗುಡಿಸಲ ಬಾಗಿಲವರೆಗೂ ಬಂದು ನಿಂತಿತ್ತು. ಅಂದಿನಿಂದ ಅವನು ಮಡಕೆಗಳನ್ನು ಬತ್ತಲು ಬಿಟ್ಟಿರಲಿಲ್ಲ.

ಮರದ ಎದುರಿಗೇ, ಗವರ್ನರ್ ಅನಾವರಣ ಮಾಡಲೆಂದು, ಅಮೃತಶಿಲೆಯ ಕಲ್ಲು ನೆಟ್ಟಿದ್ದರು. ಅದರ ಮೇಲೆ ಒಂದೇ ಹೆಸರು: ಸಿನಾಯ್ ವೀರ ರಿಫತ್ ಬೇ. ಚಪ್ಪಾಳೆ ತಟ್ಟಲು ಆಳುಗಳನ್ನು ಹೊಲದಿಂದ ಹೊಡೆದುಕೊಂಡು ಬಂದಿದ್ದರು. ತುಂಬಿದ ಮಡಕೆಗಳನ್ನು ಸಬ್ರಿ ಎತ್ತಿಸುವ ಮೊದಲೇ ಬೇಯ ಕಾರು ಬಂತು. ಗವರ್ನರ್ ಮಾತ್ರ ಬರಲಿಲ್ಲ. ಹೊತ್ತು ನೆತ್ತಿಗೇರಿತು. ಪದಕ ತೂಗುವ ಉಣ್ಣೆಯ ಕೋಟಿನೊಳಗೆ ಬೇ ಬೆವರಿ ಬಸವಳಿದ.

"ಏಯ್ ಮುದುಕ, ನೀರು ಕೊಡೋ."

ಬಾಯಾರಿದವನಿಗೆ ಇಲ್ಲವೆನ್ನುವುದು ದೇವರಿಗೆ ಒಪ್ಪದ ಮಾತು. ಅವದಲ್ಲಾ ಬಟ್ಟಲು ತೊಳೆದು, ಮೂರನೆಯ ಮಡಕೆಯಿಂದ ತುಂಬಿ, ಎರಡೂ ಕೈಯಲ್ಲಿ ನೀಡಿದ.

"ಇದು ಬಖೀತನ ನೀರು, ಒಡೆಯ. ಹೆಸರೇಳಿ ಕುಡೀರಿ."

"ಯಾವ ಬಖೀತ್?"

"ನಿಮ್ ಜೀಪಿನ್ ಹಿಂದೆ ಓಡ್ದೋನು. ನೀರಿನ್ ಡಬ್ಬಗಳೆಲ್ಲ ಅದ್ರಲ್ಲೇ ಇದ್ವಲ್ಲ."

"ಮುಚ್ಚೋ ಬಾಯಿ, ಸೂಳೆಮಗನೆ!" ಸಬ್ರಿಯ ಕೋಲು ಮುದುಕನ ಬೆನ್ನಿಗೆ ಬಿತ್ತು. ಮುದುಕ ಮಂಡಿಯೂರಿದ.

ಆಳುಗಳ ಗುಂಪಿನಿಂದ ಹೆಂಗಸೊಬ್ಬಳ ದನಿ ಬಂತು. ಬಖೀತನ ಹೆಂಡತಿ.

"ಬಖೀತ್. ದೇವ್ರು ಕರುಣಿಸ್ಲಿ."

ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು ಅದನ್ನೇ ಅಂದರು. ಸಬ್ರಿ ಕೋಲೆತ್ತಿ ಯಾರಿಗೆ ಹೊಡೆಯಬೇಕೆಂದು ತಿಳಿಯದೆ ನಿಂತ.

ಬೇ ಹಿಡಿದ ಬಟ್ಟಲು ಅವನ ತುಟಿಯ ಹತ್ತಿರವೇ ಇತ್ತು. ತುಟಿ ಅಲುಗಿತು, ಹೆಸರು ಹೊರಡಲಿಲ್ಲ. ನೀರು ತುಳುಕಿ ಪದಕಗಳ ಮೇಲೆ ಇಳಿಯಿತು.

ಆಗ ಕಾಲುವೆಯ ಕಡೆಯಿಂದ ಸಪ್ಪಳ ಕೇಳಿಸಿತು. ಒಂದು ಬೂಟು, ಒಂದು ಬರಿಗಾಲು. ಬೇ ಬೆಚ್ಚಿ ಆ ಕಡೆ ತಿರುಗಿದ.

ಅವದಲ್ಲಾ ಮಂಡಿಯಲ್ಲೇ ಸರಿದು, ಮಡಕೆಯ ಪಕ್ಕದಲ್ಲಿ ಬಖೀತನಿಗೆ ಜಾಗ ಬಿಟ್ಟ.