ಕುದುರೆ ಸೀರಮ್ಮಿನ ಪ್ರೊಫೆಸರ್

ಹುಟ್ಟುಗುಣ ಸುಟ್ಟರೂ ಹೋಗದಂತೆ. ನಮ್ಮ ಪ್ರೊಫೆಸರ್ ವಾತ್ಸುಲ್ಕನ ಹುಟ್ಟುಗುಣ ಜಿಪುಣತನ. ಬೊಹೀಮಿಯಾದ ಈ ಪ್ರಯೋಗಾಲಯದಲ್ಲಿ ಅವನ ಪಕ್ಕದ ಮೇಜಿನಲ್ಲೇ ನನ್ನ ಅರ್ಧ ಆಯುಸ್ಸು ಸವೆದಿದೆ. ಹೇಳುವ ಹಕ್ಕು ನನಗಿದೆ.

ನಾವು ಸಾಕುವುದು ನಿದ್ರಾರೋಗ ತರುವ ಏಕಕೋಶ ಜೀವಿಯನ್ನು. ಪರಾನ್ನಜೀವಿ ಎಂದರೆ ಅದೇ! ಅದರ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಕ್ಕೆ, ಪ್ರೋಟೀನ್ ಕಟ್ಟಲು ಬೇಕಾದ ಟಿಆರ್‌ಎನ್‌ಎ ಅಣು ಸ್ವಂತದ್ದೊಂದು ಕೂಡ ಗತಿಯಿಲ್ಲ, ಎಲ್ಲವೂ ಹೊರಗಿನಿಂದ ಬರಬೇಕು. ಹಾಗೆ ಬಂದ ಕೆಲವಕ್ಕೆ ಒಂದು ರಾಸಾಯನಿಕ ಗುರುತು ಅಂಟಿರುತ್ತದೆ. ಆ ಗುರುತು ಹಚ್ಚುವುದು ತಾನು ಕಂಡುಹಿಡಿದ ಜೀನೇ ಎಂದು ವಾತ್ಸುಲ್ಕ ಲೋಕಕ್ಕೆಲ್ಲ ಡಂಗುರ ಸಾರಿದ್ದ. ಆ ಜೀನು ಕಿತ್ತ ಜೀವಿಗಳಲ್ಲಿ ಗುರುತೇ ಇರಲಿಲ್ಲ, ನಿಜ. ಪ್ರಯೋಗ ಮಾಡಿದವಳು ಅವನ ವಿದ್ಯಾರ್ಥಿನಿ ಬೊಹ್ದಾನಾ, ಅವಳ ಡಾಕ್ಟರೇಟು ನಿಂತಿದ್ದೂ ಅದರ ಮೇಲೇ.

ಒಂದು ಮಧ್ಯಾಹ್ನ ಅವಳು ನನ್ನ ಹತ್ತಿರ ಬಂದಳು. "ಹೆಡ್ವಿಕಾ, ನಮ್ಮ ಜೀವಿಗಳಿಗೆ ಊಟಾನೇ ಬೇರೆ ಬೇರೆ ಕಣ್ರೀ. ಚೆನ್ನಾಗಿರೋವಕ್ಕೆ ಕರುವಿನ ರಕ್ತದಿಂದ ತೆಗೆದ ಸೀರಮ್, ಜೀನ್ ಕಿತ್ತಿರೋವಕ್ಕೆ ಅಗ್ಗದ ಕುದುರೆದು."

"ಯಾರು ಹೇಳಿದ್ದು ಹಾಗೆ ಹಾಕು ಅಂತ?"

"ಇನ್ಯಾರು? 'ಹೇಗೂ ಸಾಯೋ ಹುಳಗಳಿಗೆ ಕರುವಿನದು ಯಾಕಮ್ಮಾ ದಂಡ' ಅಂದ್ರು."

ನಾನು ತಲೆ ಚಚ್ಚಿಕೊಂಡೆ. ಗುರುತಿಗೆ ಬೇಕಾದ ಸಾಮಗ್ರಿಯನ್ನು ಆ ಜೀವಿ ತಾನಾಗಿ ತಯಾರಿಸಲಾರದು, ಸೀರಮ್ಮಿನಿಂದ ಹೀರಿಕೊಳ್ಳುತ್ತದೆ. ಕರುವಿನದ್ದರಲ್ಲಿ ಅದು ಇದೆ, ಕುದುರೆಯದ್ದರಲ್ಲಿ ಇಲ್ಲ. ಇಷ್ಟೂ ತಿಳಿಯದವನು ಪ್ರೊಫೆಸರಂತೆ, ಥೂ!

ಬೊಹ್ದಾನಾ ಜೀನ್ ಕಿತ್ತ ಜೀವಿಗಳಿಗೂ ಕರುವಿನ ಸೀರಮ್ ಕುಡಿಸಿದಳು. ಅವುಗಳ ಆರ್‌ಎನ್‌ಎಯನ್ನು ಜೆಲ್ ಎಂಬ ಲೋಳೆಹಾಳೆಯಲ್ಲಿ ವಿದ್ಯುತ್ ಹರಿಸಿ ಓಡಿಸಿದಳು. ಗುರುತಿಲ್ಲದ್ದು ಬೇಗ ಕೆಳಗಿಳಿಯುತ್ತದೆ, ಗುರುತಿದ್ದದ್ದು ನಿಧಾನ, ಮೇಲೆಯೇ ಉಳಿಯುತ್ತದೆ. ಮೇಲಿನ ಪಟ್ಟೆ ಢಾಳಾಗಿ ಕಾಣಿಸಿತು. ಆ ಜೀನಿಗೂ ಗುರುತಿಗೂ ಸಂಬಂಧವೇ ಇರಲಿಲ್ಲ.

ವಾತ್ಸುಲ್ಕ ಚಿತ್ರ ನೋಡಿದ, ಕನ್ನಡಕ ಒರೆಸಿಕೊಂಡ. "ಇದನ್ನ ಪರೀಕ್ಷಕರಿಗೆ ತೋರಿಸಿದ್ಯೋ, ಡಾಕ್ಟರೇಟ್ ಮರೆತುಬಿಡು. ಮೊದಲು ಪದವಿ ತಗೋ, ಸತ್ಯ ಎಲ್ಲಿಗೂ ಓಡಿಹೋಗಲ್ಲ" ಎಂದ. ನಾಚಿಕೆ ಮಾನ ಮರ್ಯಾದೆ ಮೂರನ್ನೂ ಬಿಟ್ಟವನಿಗೆ ಇನ್ನೇನು ಹೇಳುವುದು?

ಪದವಿ ಪರೀಕ್ಷೆಯ ದಿನ ಅಭ್ಯರ್ಥಿಯೇ ತಿಂಡಿ ತರುವುದು ನಮ್ಮಲ್ಲಿ ವಾಡಿಕೆ. ಬೊಹ್ದಾನಾಳ ತಾಯಿ ಹಂದಿಮಾಂಸ, ಮೊಟ್ಟೆ, ಉಪ್ಪಿನಕಾಯಿ ಸೌತೆ ಇಟ್ಟ ಬ್ರೆಡ್ಡುಗಳನ್ನು ಹಿಂದಿನ ಮೇಜಿನ ತುಂಬ ಜೋಡಿಸಿದ್ದರು. ವಾತ್ಸುಲ್ಕನ ಕಣ್ಣು ಮೊದಲಿನಿಂದಲೂ ಅಲ್ಲೇ.

ಬೊಹ್ದಾನಾ ಮಾತು ಮುಗಿಸುವ ಮುನ್ನ ಆ ಪಟ್ಟೆಯ ಚಿತ್ರ ಹಾಕಿದಳು. "ನನ್ನ ಪ್ರಬಂಧದ ಮೂರನೇ ಅಧ್ಯಾಯ ತಪ್ಪು. ಅದನ್ನ ಹಿಂದಕ್ಕೆ ತಗೋತಿದೀನಿ. ಪದವಿ ಕೊಡೋದು ಬಿಡೋದು ನಿಮ್ಮಿಷ್ಟ."

ವಾತ್ಸುಲ್ಕ ಎದ್ದ. ನಾಲಿಗೆ ಹೇಗೆ ಹೊರಳಿತೋ! "ಈ ಪ್ರಯೋಗ ನಾನೇ ಹೇಳಿ ಮಾಡಿಸಿದ್ದು. ನನಗೆ ಮೊದಲಿಂದ್ಲೂ ಅನುಮಾನ ಇತ್ತು."

"ಹೌದಾ ಪ್ರೊಫೆಸರ್? ಕುದುರೆ ಸೀರಮ್ ಹಾಕು ಅಂದಿದ್ದೂ ಆ ಅನುಮಾನಕ್ಕೇನಾ?" ಎಂದಳು ಬೊಹ್ದಾನಾ. ಪರೀಕ್ಷಕರಲ್ಲೊಬ್ಬರು ಕಿಸಕ್ಕನೆ ನಕ್ಕರು. ವಾತ್ಸುಲ್ಕ ಕುಳಿತ.

ಪರೀಕ್ಷಕರು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಚರ್ಚಿಸಿದರು. ಹೊರಗೆ ಅವಳ ಕೈ ನನ್ನ ಕೈಯಲ್ಲಿ ತಣ್ಣಗಿತ್ತು. ಕೊನೆಗೆ ಕರೆದು, ಉಳಿದ ಅಧ್ಯಾಯಗಳೂ ಈ ಕೊನೆಯ ಚಿತ್ರವೂ ಸಾಕು ಎಂದು ಪದವಿ ಕೊಟ್ಟರು. ಅವಳು ಅತ್ತುಬಿಟ್ಟಳು.

ಅಭಿನಂದಿಸುವುದನ್ನೂ ಮರೆತು ವಾತ್ಸುಲ್ಕ ಹಂದಿಮಾಂಸದ ದಪ್ಪ ತುಂಡಿಗೆ ಕೈ ಹಾಕಿದ್ದ. ಬೊಹ್ದಾನಾ ಕಣ್ಣೊರೆಸಿಕೊಂಡು ತಟ್ಟೆಯನ್ನು ಮೆಲ್ಲಗೆ ಅತ್ತ ಸರಿಸಿದಳು, ಒಂದು ಒಣ ಬನ್ನು ಅವನ ಅಂಗೈಯಲ್ಲಿಟ್ಟಳು.

"ನಿಮಗೆ ಒಳ್ಳೇದು ಯಾಕೆ ದಂಡ, ಪ್ರೊಫೆಸರ್?"

ಅವನು ಅದನ್ನೂ ತಿಂದ.