ಹಾಸ್ಕಿನ್ಸರ ಗೇಟಿನ ಬಳಿ

"ಈ ಗಾಳಿಗೆ ಯಾವತ್ತು ಸುಸ್ತಾಗುತ್ತೋ?"

ಮಾರ್ಚ್ ತಿಂಗಳ ಬೆಳಗುಗಳಲ್ಲಿ ನನ್ನ ಗಂಡ ವರ್ಲಿನ್ ಕಿಟಕಿಯ ಮುಂದೆ ನಿಂತು ಹೀಗೆ ಕೇಳುವುದು ಯಾರನ್ನೂ ಅಲ್ಲ. ನಾನು ಅವನ ಬೂಟಿನ ಲೇಸು ಕಟ್ಟುತ್ತಿದ್ದೆ. ಎಪ್ಪತ್ಮೂರರ ಬೆನ್ನು ಈಚೆಗೆ ಅಷ್ಟು ಬಾಗುವುದಿಲ್ಲ.

ಅಂದು ನಡಿಗೆಯ ಪರೀಕ್ಷೆ. ಟೆಕ್ಸಸ್‌ನ ನಮ್ಮ ಈ ಮೂಲೆಯಲ್ಲಿ ಹುಲ್ಲುಗಾವಲಿಗೆ ಬೆಂಕಿ ಬಿದ್ದರೆ ಆರಿಸಲು ಓಡುವವರು ನಾವೇ, ಸಂಬಳವಿಲ್ಲದ ಹನ್ನೊಂದು ಮಂದಿಯ ಅಗ್ನಿಶಾಮಕ ದಳ. ಸೈನ್ಯದವರು ಬಿಟ್ಟುಕೊಟ್ಟಿದ್ದ ಹಳೆಯ ಲಾರಿ ಹೋದ ವರ್ಷ ಉರಿಯ ಎದುರಿಗೇ ಕೆಟ್ಟು ನಿಂತಿತು. ವರ್ಲಿನ್ನೂ ದಳದ ಮುಖ್ಯಸ್ಥ ಟ್ರೆಂಟೂ ಆಗಲೇ ಸುಟ್ಟು ಕರಕಲಾಗಿದ್ದ ನೆಲಕ್ಕೆ ಓಡಿ ಬದುಕಿಕೊಂಡರು. ಈಗ ಹೊಸ ಲಾರಿಗೆ ರಾಜ್ಯ ಸರ್ಕಾರ ಹಣ ಕೊಡುತ್ತದೆ. ಷರತ್ತು ಒಂದೇ: ಲಾರಿ ಹತ್ತುವವರೆಲ್ಲ ನಲವತ್ತೈದು ಪೌಂಡ್ ಭಾರ ಹೊತ್ತು ಮೂರು ಮೈಲಿಯನ್ನು ನಲವತ್ತೈದು ನಿಮಿಷದಲ್ಲಿ ನಡೆದಿರಬೇಕು. ದಳದ ಕಾರ್ಯದರ್ಶಿ ನಾನು. ಸಮಯ ಬರೆದು ಸಹಿ ಹಾಕಬೇಕಾದವಳು ನಾನೇ.

ನಾನು ಮಾತಿನವಳಲ್ಲ. ಅಪ್ಪ ಹಾಲು ಕರೆಯುತ್ತ ಬೈಬಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಐವತ್ತು ವರ್ಷ ವರ್ಲಿನ್ನನ ಮಾತನ್ನೂ ಹಾಗೇ ಕೇಳಿಕೊಂಡು ಬಂದಿದ್ದೇನೆ.

ಭಾರ ಹೊತ್ತು ನಡೆಯುತ್ತಿದ್ದ ಅವನ ಹಿಂದೆ ಪಿಕಪ್ಪಿನಲ್ಲಿ ನಿಧಾನಕ್ಕೆ ಹೋದೆ. ಎರಡನೇ ಮೈಲಿಯಲ್ಲಿ ನೆರೆಯ ಹಾಸ್ಕಿನ್ಸರ ಹುಲ್ಲುಗಾವಲಿನ ಗೇಟು ತೆರೆದಿತ್ತು, ಕಡಸೊಂದು ರಸ್ತೆಗೆ ಬಂದಿತ್ತು. ನಮ್ಮ ಕಡೆ ತೆರೆದ ಗೇಟನ್ನು ಹಾಗೇ ಬಿಟ್ಟು ಯಾರೂ ಮುಂದೆ ಹೋಗುವುದಿಲ್ಲ. ವರ್ಲಿನ್ ಅದನ್ನು ಒಳಗಟ್ಟಿ ಚಿಲಕ ಹಾಕಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಗೇಟಿನ ಸರಳು ಹಿಡಿದು ನಿಂತುಬಿಟ್ಟ. ತಲೆ ತಗ್ಗಿತ್ತು, ಹೆಗಲು ಏರಿ ಇಳಿಯುತ್ತಿತ್ತು. ನಾನು ಇಳಿಯಹೋದರೆ ಕೈಬೀಸಿ ಬೇಡವೆಂದ. ಅಪ್ಪನ ಕೀರ್ತನೆಯೊಂದು ತಾನಾಗಿ ನಾಲಗೆಗೆ ಬಂತು. ಅದು ಮುಗಿದು ಮತ್ತೆ ಮೊದಲಾದರೂ ಅವನು ಕದಲಲಿಲ್ಲ.

ದಳದ ಶೆಡ್ಡಿನ ಮುಂದೆ, ಉಳಿದವರು ಕಾಯುತ್ತಿದ್ದಲ್ಲಿ, ನಡಿಗೆ ಮುಗಿಸಿದಾಗ ನಲವತ್ತೆಂಟು ನಿಮಿಷ.

"ಗೇಟು ತೆಗೆದಿತ್ತು ಕಣ್ರೋ, ಕಡಸು ಆಚೆ ಬಂದಿತ್ತು" ಎಂದ ವರ್ಲಿನ್, ಎಲ್ಲರಿಗೂ ಕೇಳುವಂತೆ.

"ಹಾಸ್ಕಿನ್ಸ್‌ಗೆ ಪ್ಯಾಂಟಿನ ಜಿಪ್ಪೇ ನೆನಪಿರಲ್ಲ, ಇನ್ನು ಗೇಟು!" ಎಂದು ಟ್ರೆಂಟ್ ನಕ್ಕ. "ನಲವತ್ತೈದು ಅಂತ್ಲೇ ಬರೀರಿ ನೆಲ್ಡಮ್ಮ. ಬೇಕಿದ್ರೆ ಕಡಸಿನ ಹತ್ರ ಸಹಿ ಹಾಕಿಸ್ಕೊಂಡ್ ಬರ್ತೀನಿ."

ಎಲ್ಲರೂ ನಕ್ಕರು. ವರ್ಲಿನ್ನೂ ನಕ್ಕ, ನನ್ನ ಕಡೆ ಮಾತ್ರ ನೋಡಲಿಲ್ಲ.

ಟ್ರೆಂಟ್ ಹತ್ತಿರ ಬಂದು ದನಿ ತಗ್ಗಿಸಿದ. "ಕಾಗದ ಇವತ್ತೇ ಹೋಗ್ಬೇಕು. ಮತ್ತೆ ಪರೀಕ್ಷೆ ಅಂದ್ರೆ ಮುಂದಿನ ವರ್ಷಾನೇ. ಗಾಳಿ ಯಾವ ಕಡೆ ತಿರುಗುತ್ತೆ ಅಂತ ಇವ್ರು ಹೇಳ್ದೆ ಇದ್ರೆ ನಾವೆಲ್ಲ ಕುರುಡರು, ನಿಮಗೇ ಗೊತ್ತಲ್ಲ."

ಅದು ಸುಳ್ಳಲ್ಲ. ಅವರೆಲ್ಲ ಊಟಕ್ಕೆ ಒಳಗೆ ಹೋದರು. ವರ್ಲಿನ್ ಬಂದು ಪಿಕಪ್ಪಿನಲ್ಲಿ ನನ್ನ ಪಕ್ಕ ಕೂತ.

"ನೋಡ್ದೆ ಅಲ್ವಾ ನೀನು."

"ನೋಡ್ದೆ."

"ಒಂಚೂರು ಉಸಿರು ಕಟ್ತು, ಅಷ್ಟೇ. ಬೆಂಕಿ ಮುಂದೆ ಹಂಗೆಲ್ಲ ಆಗಲ್ಲ."

ನಾನು ಅವನ ಕೈ ಹಿಡಿದುಕೊಂಡೆ. ಅಂಗೈಗೆ ಗೇಟಿನ ತುಕ್ಕು ಅಂಟಿತ್ತು. ನಾಡಿಯ ಓಟ ಇನ್ನೂ ಇಳಿದಿರಲಿಲ್ಲ.

"ನಲವತ್ತು ವರ್ಷ ಕಣೇ, ಒಂದು ಬೆಂಕೀನೂ ತಪ್ಪಿಸ್ಕೊಂಡಿಲ್ಲ. ಲಾರಿ ಹೊರಟಾಗ ನಾನು ಬಾಗಿಲಲ್ಲಿ ನಿಂತು ನೋಡ್ಲಾ? ನಿನ್ನ ಹತ್ರ ಏನಾದ್ರೂ ದೊಡ್ಡದು ಕೇಳಿದೀನಾ ಇಷ್ಟು ವರ್ಷ? ಬರಿ, ನೆಲ್ಡಾ. ದಮ್ಮಯ್ಯ."

"ಇಲ್ಲ ವರ್ಲಿನ್. ಬರೆಯಲ್ಲ."